ದಂಡು ಬಿಟ್ಟ ಬಯಲಿನ ಸೀಸ

ಭತ್ತ ಬೇಯಿಸುವ ಹಂಡೆಯ ಮುಚ್ಚಳದ ಮೇಲೆ ತಾನು ಅಷ್ಟು ತಿಂಗಳಿಂದ ಹೇರಿಕೊಂಡು ಬಂದ ಕಬ್ಬಿಣ ಏನೆಂದು ತಿಳಿದಾಗ ಹೊನ್ನಮ್ಮ ಕೂಗಲಿಲ್ಲ, ಅಳಲೂ ಇಲ್ಲ. ಮೊಮ್ಮಗಳನ್ನು ಸೊಂಟಕ್ಕೇರಿಸಿಕೊಂಡು ಅಂಗಳ ದಾಟಿದಳು, ಗದ್ದೆಯ ಅಂಚಿನ ಮೇಲೆ ನಡೆದಳು, ಹಳ್ಳದ ಆಚೆಯ ದಂಡೆಯಲ್ಲಿ ಮನೆಗೆ ಮುಖ ಮಾಡಿ ಕೂತಳು. ಹತ್ತಿರ ಬಂದು ಮಾತಾಡಿಸಿದವರಿಗೆ ಉತ್ತರ ಕೊಡಲಿಲ್ಲ. ಬಾಯಿ ಅರ್ಧ ತೆರೆದೇ ಇತ್ತು, ಏನೋ ಹೇಳಹೊರಟು ಮರೆತವರ ಹಾಗೆ.

ಆ ಕಬ್ಬಿಣವನ್ನು ಮನೆಗೆ ತಂದವನು ಅವಳ ಗಂಡ ಹಮ್ಮ ಗೌಡ. ಹಿಂದಿನ ಕಾಲದ ದಂಡುಗಳು ಬೀಡುಬಿಟ್ಟ ಜಾಗ ಗುರುತಿಸಿ, ಅಲ್ಲಿ ಬಿದ್ದದ್ದನ್ನು ಹೆಕ್ಕಿ ತರುವುದರಲ್ಲಿ ಕುಮಟೆಯಿಂದ ಭಟ್ಕಳದವರೆಗೆ ಅವನಷ್ಟು ಕಣ್ಣಿದ್ದವರು ಇರಲಿಲ್ಲ. ಆ ಕಣ್ಣೇ ಅವನಿಗೆ ಮೋಸ ಮಾಡಿತು ಎಂದು ಊರವರು ಆಮೇಲೆ ಹೇಳಿದರು. ಅದನ್ನು ಮೊದಲಿನಿಂದಲೇ ಹೇಳಬೇಕು.

ಹಮ್ಮನ ಮನೆ ಇದ್ದದ್ದು ಕುಮಟೆಗೂ ಧಾರೇಶ್ವರಕ್ಕೂ ನಡುವೆ, ಗುಡ್ಡದ ಬುಡದ ಕೆಲವೇ ಮನೆಗಳ ಒಂದು ಕೊಪ್ಪದಲ್ಲಿ. ಗೇಣಿಗೆ ಮಾಡಿದ ಸ್ವಲ್ಪ ಗದ್ದೆ, ಒಂದು ಜೊತೆ ಎತ್ತು, ಮಳೆಗಾಲ ಕಳೆದ ಮೇಲೆ ಸೀಸದ ಕೆಲಸ. ಬೀಸುಬಲೆಯ ಅಂಚಿಗೆ ಸಾಲಾಗಿ ಕಟ್ಟುವ ಸೀಸದ ಗುಂಡುಗಳನ್ನು ಎರಕ ಹೊಯ್ಯುವುದನ್ನು ಅವನ ಅಪ್ಪ ಯಾವ ಕಾಲಕ್ಕೋ ಕುಮಟೆಯ ಬಂದರಿನಲ್ಲಿ ಕಲಿತು ಬಂದಿದ್ದ. ಬಳಪದ ಕಲ್ಲಿನ ಅಚ್ಚು, ಉದ್ದ ಹಿಡಿಯ ಕಬ್ಬಿಣದ ಸೌಟು, ಅಪ್ಪ ಬಿಟ್ಟುಹೋದ ಆಸ್ತಿ ಇಷ್ಟೇ. ಅಘನಾಶಿನಿಯ ಅಂಬಿಗರು, ಧಾರೇಶ್ವರದವರು, ದೂರದ ಮಂಕಿಯವರೂ ಬಲೆ ಹೆಗಲಿಗೆ ಹಾಕಿಕೊಂಡು ಅವನ ಅಂಗಳಕ್ಕೆ ಬರುತ್ತಿದ್ದರು. ಹಮ್ಮ ಹೊಯ್ದ ಗುಂಡು ಒಂದರ ಹಾಗೆ ಒಂದು. ಬಲೆ ಬೀಸಿದರೆ ಕೊಡೆ ಬಿಚ್ಚಿದಂತೆ ದುಂಡಗೆ ಬಿದ್ದು ಒಂದೇ ಸಲಕ್ಕೆ ಮುಳುಗುತ್ತಿತ್ತು.

ಎರಡನೆಯ ಮಹಾಯುದ್ಧ ಶುರುವಾದ ಮೇಲೆ ಮುಂಬಯಿಯಿಂದ ಮಚವೆ ಎಂಬ ಹಾಯಿ ಹಡಗುಗಳಲ್ಲಿ ಬರುತ್ತಿದ್ದ ಸೀಸ ಕಡಿಮೆಯಾಗುತ್ತ ಬಂದು ಕೊನೆಗೆ ಪೂರ್ತಿ ನಿಂತುಹೋಯಿತು. ಇದ್ದಬದ್ದ ಸೀಸವೆಲ್ಲ ಬಂದೂಕಿನ ಗುಂಡಿಗೆ ಹೋಗುತ್ತದೆ ಎಂದು ಬಂದರಿನ ಅಂಗಡಿಯವರು ಕೈ ಆಡಿಸಿದರು. ಮೀನುಗಾರರು ಬಲೆಗೆ ಕಲ್ಲು ಕಟ್ಟಿದರು, ಸುಟ್ಟ ಮಣ್ಣಿನ ಮಣಿ ಕಟ್ಟಿದರು. ಕಲ್ಲು ಬಲೆಯನ್ನು ಹರಿದುಹಾಕಿತು, ಮಣ್ಣು ಬಂಡೆಗೆ ತಾಗಿ ಒಡೆಯಿತು.

ಅಘನಾಶಿನಿಯ ದೇವು ಹಮ್ಮನ ಹಳೆಯ ಗಿರಾಕಿ, ಅದಕ್ಕಿಂತ ಹೆಚ್ಚಾಗಿ ಗೆಳೆಯ. ಒಂದು ದಿನ ಬಂದವನೇ ಹರಿದ ಬಲೆಯನ್ನು ಅಂಗಳದಲ್ಲಿ ಹಾಸಿದ.

“ಕಾಣ್ ಹಮ್ಮ. ಬಲೆ ನೀರ ಮೇಲೇ ತೇಲ್ತದೆ. ಮೀನು ಅಡಿಗಿಂದ ನಕ್ಕಂತ ಹೋಗ್ತದೆ. ಎಂತಾದ್ರೂ ಮಾಡು ಮಾರಾಯ.”

“ಸೀಸ ಇಲ್ದೇ ನಾ ಎಂತ ಹೊಯ್ಲಿ? ನನ್ನ ತಲೆಯ?” ಎಂದ ಹಮ್ಮ.

ಅಂದು ದನ ಅಟ್ಟಿಕೊಂಡು ಗುಡ್ಡ ಇಳಿಯುವಾಗ ಅವನಿಗೆ ಚಿಕ್ಕಂದಿನ ಒಂದು ಆಟ ನೆನಪಾಯಿತು. ಮೊದಲ ಮಳೆ ಹೊಡೆದ ಮೇಲೆ ದನ ಕಾಯುವ ಮಕ್ಕಳು ಗುಡ್ಡದ ಮೇಲಿನ ಕೆಂಪು ಚಿರೇಕಲ್ಲಿನ ಬಯಲಿನಲ್ಲಿ ಸುಣ್ಣ ಸವರಿದಂಥ ಬಿಳಿಯ ಗುಂಡುಗಳನ್ನು ಹೆಕ್ಕಿ, ಕವಣೆಗೆ ಹಾಕಿ, ಹಕ್ಕಿ ಓಡಿಸುತ್ತಿದ್ದರು. ಕಲ್ಲಿಗಿಂತ ಭಾರ. ಕಚ್ಚಿದರೆ ಹಲ್ಲಿನ ಗುರುತು ಬೀಳುತ್ತಿತ್ತು. ಅದು ಸೀಸವಲ್ಲದೆ ಇನ್ನೇನು?

ಮಳೆ ಬಿದ್ದದ್ದೇ ಹಮ್ಮ ಆ ಬಯಲಿಗೆ ಹೋದ. ಒಂದು ಬೊಗಸೆ ಸಿಕ್ಕಿತು. ಕರಗಿಸಿದರೆ ಬಿಳಿಯ ಸಿಪ್ಪೆ ಮೇಲೆ ತೇಲಿ, ಕೆಳಗೆ ಕನ್ನಡಿಯಂಥ ಸೀಸ ನಿಂತಿತು. ಅಲ್ಲಿಂದ ಅವನಿಗೆ ಅದರ ಹುಚ್ಚು ಹಿಡಿಯಿತು.

ಅವು ಹಳೆಯ ಬಂದೂಕಿನ ಗುಂಡುಗಳು; ಯಾವ ಕಾಲದಲ್ಲೋ ಯಾರ ದಂಡೋ ಅಲ್ಲಿ ಬೀಡುಬಿಟ್ಟಿತ್ತು. ಸುಲ್ತಾನರದ್ದು ಎನ್ನುವವರಿದ್ದರು, ಫಿರಂಗಿಗಳದ್ದು ಎನ್ನುವವರಿದ್ದರು, ಕುಂಪಣಿಯದ್ದು ಎಂದವರೂ ಇದ್ದರು. ಹಮ್ಮನಿಗೆ ಯಾರದ್ದಾದರೂ ಒಂದೇ. ಅವನು ತನ್ನನ್ನು ಕೇಳಿಕೊಂಡದ್ದು ಬೇರೆ: ಅಷ್ಟು ಜನ, ಕುದುರೆ, ಎತ್ತುಗಳನ್ನು ಕಟ್ಟಿಕೊಂಡು ಬಂದವನು ಎಲ್ಲಿ ಇಳಿದಾನು? ಗದ್ದೆಯಲ್ಲಿ ಇಳಿಯಲಾರ, ಕಾಲು ಹೂಳುತ್ತದೆ. ದಟ್ಟ ಕಾಡಿನಲ್ಲಿ ಇಳಿಯಲಾರ, ವೈರಿ ಬಂದರೆ ಕಾಣದು. ಹೊಳೆಯ ಬಾಯಿ ಕಾಣುವಷ್ಟು ಎತ್ತರ ಬೇಕು, ಬೇಸಗೆಯಲ್ಲೂ ಬತ್ತದ ಒರತೆ ಕೂಗಳತೆಯಲ್ಲಿ ಬೇಕು, ಕುದುರೆಗೆ ಹುಲ್ಲು ಬೇಕು. ಗುಡ್ಡದ ನೆತ್ತಿಯ ಮೇಲೆ ನಿಂತು ದಂಡಿನ ಯಜಮಾನ ತಾನೇ ಎಂಬಂತೆ ಅವನು ಸುತ್ತ ನೋಡುತ್ತಿದ್ದ.

ಅದಕ್ಕಿಂತ ಒಳ್ಳೆಯ ಗುರುತು ಸಿಕ್ಕದ್ದು ಹುಣಸೆ ಮರದಲ್ಲಿ. ಇಲ್ಲಿಯ ಗುಡ್ಡಗಳಲ್ಲಿ ಹುಣಸೆ ತಾನಾಗಿ ಹುಟ್ಟುವುದು ಅಪರೂಪ. ಇಲ್ಲಿಯವರ ಹುಳಿ ಮುರುಗಲು, ಉಪ್ಪಾಗೆ. ಮನೆ ಇಲ್ಲ, ಗುಡಿ ಇಲ್ಲ, ದಾರಿಯೂ ಇಲ್ಲದ ಕಡೆ ಮುದಿ ಹುಣಸೆಗಳು ಗುಂಪಾಗಿ ನಿಂತಿದ್ದರೆ, ಘಟ್ಟದ ಆಚೆಯ ಬಯಲುಸೀಮೆಯವರು ಅಲ್ಲಿ ಬಹಳ ದಿನ ಅಡಿಗೆ ಮಾಡಿ ಉಂಡು ಬೀಜ ಉಗುಳಿದ್ದಾರೆ ಎಂದೇ ಅವನ ಲೆಕ್ಕ. ಅಲ್ಲಿ ಕೆದಕಿದರೆ ಮಸಿ ಹಿಡಿದ ಒಲೆಗಲ್ಲು, ಮಡಕೆಯ ಚೂರು, ಕುದುರೆ ಲಾಳದ ಮೊಳೆ. ಗಾಳಿ ಹೋಗುವ ದಿಕ್ಕಿಗೆ ಸ್ವಲ್ಪ ದೂರ ನಡೆದರೆ ಸೀಸ. ಸಿಡಿಮದ್ದಿನ ಹತ್ತಿರ ಬೆಂಕಿ ಹಾಕಬಾರದೆಂದು ಗುಂಡು ಎರೆಯುವವರನ್ನು ದೂರ ಕೂರಿಸುತ್ತಿದ್ದರೇನೋ.

ಹೀಗೆ ಮಿರ್ಜಾನಿನ ಕಡೆ ಒಂದು, ಹೊನ್ನಾವರದ ಹೊಳೆಬಾಯಿಯ ಮೇಲೆ ಒಂದು, ಮಂಕಿಯ ಹಿಂದಿನ ಗುಡ್ಡದಲ್ಲಿ ಒಂದು ಜಾಗ ಗೊತ್ತುಮಾಡಿದ. ಭಟ್ಕಳದ ಹತ್ತಿರ ಸಿಕ್ಕ ಜಾಗದಲ್ಲಿ ಅಂಗಿಯ ಹಿತ್ತಾಳೆ ಗುಂಡಿಗಳು, ಸೊಂಟಪಟ್ಟಿಯ ಕೊಂಡಿಗಳು ಇದ್ದವು. ಅಲ್ಲಿಯ ನವಾಯತ ವ್ಯಾಪಾರಿಯೊಬ್ಬರು ಅವನನ್ನು ಕೂರಿಸಿ ಚಹಾ ಕೊಟ್ಟು, ಅವನ್ನೆಲ್ಲ ಆಸೆಯಿಂದ ನೋಡಿ, ಬದಲಿಗೆ ಯಾವುದೋ ಹಳೆಯ ಹಡಗಿನ ಸೀಸದ ತಗಡು ಕೊಟ್ಟು ಕಳಿಸಿದರು.

ಹೊನ್ನಾವರದ ಗುಡ್ಡದಿಂದ ತಂದ ಒಂದು ಗುಂಡು ಚಪ್ಪಟೆಯಾಗಿತ್ತು. ಸೌಟಿಗೆ ಹಾಕುವ ಮೊದಲು ಹೊನ್ನಮ್ಮ ಅದನ್ನು ಎತ್ತಿ ಬೆಳಕಿಗೆ ಹಿಡಿದಳು. ಎರಡೂ ಬದಿಗೆ ಹಲ್ಲಿನ ಗುರುತು, ಆಳವಾಗಿ, ದವಡೆಯ ಹಲ್ಲಿನದು.

“ಇದು ಆಟಕ್ಕೆ ಕಚ್ಚಿದ್ದಲ್ಲ,” ಎಂದಳು. “ಯಾರದ್ದೋ ಕೈಯೋ ಕಾಲೋ ಕೊಯ್ಯೂವಾಗ ಬಾಯಿಗೆ ಕೊಟ್ಟದ್ದು. ಎಷ್ಟು ನೋವು ತಿಂದಿದ್ನೋ ಏನೋ. ಇದ್ನ ಬಲೆಗೆ ಕಟ್ಟೂದು ಬ್ಯಾಡ.”

ಹಮ್ಮ ಮುಂದಿನ ಸಲ ಹೋದಾಗ ಅದನ್ನು ಎತ್ತಿದ ಜಾಗದಲ್ಲೇ ಇಟ್ಟು ಬಂದ.

೧೯೪೩ರ ಮಳೆಗಾಲ ಕಳೆದ ಮೇಲೆ ಕೊಪ್ಪದ ಮೇಲಿನ ಆ ಚಿರೇಕಲ್ಲಿನ ಬಯಲಿಗೇ ಹೊಸ ದಂಡು ಬಂತು. ಹಮ್ಮ ಕಂಡವರಿಗೆಲ್ಲ ಹೇಳಿಕೊಂಡು ತಿರುಗಿದ: “ನಾ ಹೇಳ್ದೆ ಅಲ್ದ? ದಂಡು ಇಳೂಕೆ ಅದೇ ಜಾಗ!” ಲಾರಿಗಳು ಬಂದವು, ಡೇರೆ ಎದ್ದವು. ಬಯಲಿನ ಸುತ್ತ ಕೆಂಪು ಬಾವುಟ ನೆಟ್ಟು, ಜನ ದನ ಆ ಕಡೆ ಸುಳಿಯಬಾರದೆಂದು ಡಂಗುರ ಹೊಡೆಸಿದರು. ಯುದ್ಧಕ್ಕೆ ಹೋಗುವ ಸಿಪಾಯಿಗಳು ಅಲ್ಲಿ ಹೊಡೆಯುವುದನ್ನು ಕಲಿಯುತ್ತಿದ್ದರು. ಗುಡ್ಡದ ಮೇಲೆ ಢಂ ಎಂದಾಗಲೆಲ್ಲ ಮನೆಯ ಗೋಡೆಯ ಮಣ್ಣು ಉದುರುತ್ತಿತ್ತು, ಕಟ್ಟಿದ ದನ ಹಗ್ಗ ಜಗ್ಗುತ್ತಿದ್ದವು. ಯುದ್ಧ ನಿಂತಿತು. ೧೯೪೫ರ ದೀಪಾವಳಿಯ ಹೊತ್ತಿಗೆ ದಂಡು ಹೋಯಿತು. ಹೋಗುವಾಗ ಬಾವುಟಗಳನ್ನೂ ಕಿತ್ತುಕೊಂಡು ಹೋದರು.

ಬಾವುಟ ಇಲ್ಲವೆಂದರೆ ಭಯ ಇಲ್ಲವೆಂದೇ ಎಲ್ಲರೂ ತಿಳಿದರು. ಮರುವಾರವೇ ಕೊಪ್ಪಕ್ಕೆ ಕೊಪ್ಪವೇ ಬಯಲಿನಲ್ಲಿತ್ತು. ಒಬ್ಬರ ಮನೆಗೆ ತಗಡಿನ ಡಬ್ಬಿ, ಇನ್ನೊಬ್ಬರ ಎತ್ತಿಗೆ ಕ್ಯಾನ್ವಾಸಿನ ಪಟ್ಟಿ, ಮಕ್ಕಳ ಕೈಯಲ್ಲಿ ಖಾಲಿ ತೋಟಾಗಳು. ಹಮ್ಮ ಅತ್ತ ನೋಡಲಿಲ್ಲ. ಅವನು ನೆಟ್ಟಗೆ ಹೋದದ್ದು ಗುರಿ ಹೊಡೆಯಲು ಎಬ್ಬಿಸಿದ್ದ ಮಣ್ಣಿನ ದಿಬ್ಬಕ್ಕೆ. ಹಳೆಯ ಜಾಗಗಳಲ್ಲಿ ಒಂದು ಮಳೆಗಾಲವೆಲ್ಲ ಅಲೆದರೆ ಸಿಗುವಷ್ಟು ಸೀಸ ಅಲ್ಲಿ ಒಂದು ಹಗಲಿಗೆ ಸಿಕ್ಕಿತು.

ದಿಬ್ಬದ ಆಚೆ, ಒಣ ಹುಲ್ಲಿನ ನಡುವೆ, ಒಂದು ಕಬ್ಬಿಣ ಅರ್ಧ ಹೂತುಕೊಂಡಿತ್ತು. ಬಾಳೆಯ ಹೂವಿನ ಮೊಗ್ಗಿನ ಆಕಾರ, ಹಿಂದೆ ರೆಕ್ಕೆಗಳಿದ್ದ ಬಾಲ. ಭತ್ತ ಕುದಿಯುವಾಗ ಮುಚ್ಚಳ ಹಾರುತ್ತದೆ, ಏನಾದರೂ ಭಾರ ತಂದು ಕೊಡಿ ಎಂದು ಹೊನ್ನಮ್ಮ ಎಂದಿನಿಂದಲೋ ಹೇಳುತ್ತಿದ್ದಳು. ಹಮ್ಮ ಬಾಲ ಹಿಡಿದು ಎಳೆದ. ನೆಟ್ಟಗೆ ನಿಲ್ಲಲೆಂದು ಅಲ್ಲೇ ಒಂದು ಕಲ್ಲು ತೆಗೆದುಕೊಂಡು ಬಾಲವನ್ನು ಜಪ್ಪಿ ಮುರಿದ. ಬುಟ್ಟಿಯಲ್ಲಿ ಸೀಸದ ಮೇಲಿಟ್ಟು, ತಲೆಯ ಮೇಲೆ ಹೊತ್ತು ಗುಡ್ಡ ಇಳಿದ.

ಹೊನ್ನಮ್ಮನಿಗೆ ಅದು ಬಹಳ ಹಿಡಿಸಿತು. ತಗಡಿನ ಮುಚ್ಚಳದ ನಟ್ಟನಡುವೆ ಇಟ್ಟರೆ ಹಂಡೆ ಎಷ್ಟು ಕುದಿದರೂ ಮಿಸುಕುತ್ತಿರಲಿಲ್ಲ. ಬಿಸಿಯೇರಿದಾಗ ಅದರ ಮೂತಿಯ ಬಳಿ ಕಂದು ಬಣ್ಣದ ಅಂಟು ಜಿನುಗುತ್ತಿತ್ತು. ಅವಳು ತೆಂಗಿನ ನಾರಿನಿಂದ ಒರೆಸಿ ನಾರನ್ನು ಒಲೆಗೆ ಎಸೆಯುತ್ತಿದ್ದಳು. ಕರಿಯ ಹೊಗೆ ಎದ್ದು ಧಗ್ಗನೆ ಉರಿಯುತ್ತಿತ್ತು. ರಾಳದ ಹಾಗೆ ಒಳ್ಳೇ ಉರೀತದೆ ಎಂದು ನೆರೆಮನೆಯವರಿಗೂ ಹೇಳಿದ್ದಳು.

ಮರುವರ್ಷದ ಬೇಸಗೆಯಲ್ಲಿ ದೇವುವಿನ ಮಗ ರಮಾನಂದ ಬಂದ. ಅವನು ಪಲ್ಟನಿನ ಜೊತೆ ಬರ್ಮಾ ಗಡಿಗೆ ಹೋಗಿ, ದಾರಿ ಸೇತುವೆ ಕಟ್ಟುವ, ಹೂತಿಟ್ಟ ಬಾಂಬು ತೆಗೆಯುವ ಕೆಲಸದಲ್ಲಿ ವರ್ಷಗಟ್ಟಲೆ ಇದ್ದು, ಆಗಷ್ಟೇ ಬಿಡುಗಡೆಯಾಗಿ ಊರಿಗೆ ಮರಳಿದ್ದ. ಅಪ್ಪನ ಹೊಸ ಬಲೆಗೆ ಗುಂಡು ಒಯ್ಯಲು ಬಂದಿದ್ದ. 

“ಬಾ ತಮಾ, ಕೂತ್ಕ. ನೀ ಬದ್ಕಿ ಬಂದ್ಯಲ್ಲ, ಅದೇ ದೊಡ್ಡದು,” ಎಂದಳು ಹೊನ್ನಮ್ಮ. ಮನೆಯ ಹಿಂದೆ ಇಳಿಸಿ ಕಟ್ಟಿದ ಮಾಡಿನ ಕೆಳಗೆ ಒಲೆಯ ಮುಂದೆ ಕೂತಿದ್ದಳು. ಮೊಮ್ಮಗಳು ಗಂಗಾ ಅವಳ ತೊಡೆಯ ಮೇಲೆ. ಹಂಡೆ ಕುದಿಯುತ್ತಿತ್ತು. ಪಕ್ಕದಲ್ಲಿ ಹಮ್ಮ ಅಚ್ಚಿಗೆ ಮಸಿ ಸವರುತ್ತಿದ್ದ.

ರಮಾನಂದ ನಗುತ್ತಲೇ ಬಂದವನು ಕಂಬದ ಬಳಿ ನಿಂತುಬಿಟ್ಟ. ನಗು ಮುಖದಲ್ಲಿ ಹಾಗೇ ಉಳಿಯಿತು, ಬಣ್ಣ ಮಾತ್ರ ಇಳಿಯಿತು.

“ಹೊನ್ನಕ್ಕ,” ಎಂದ, ಬಹಳ ಮೆಲ್ಲಗೆ. “ಕೂಸಿನ ಎತ್ಕಂಡು ಎದ್ದು ಬಾ.”

“ಎಂತಕ್ಕೆ?”

“ಹಂಡೆ ಮುಟ್ಟಬೇಡ. ಒಲೆ ಮುಟ್ಟಬೇಡ. ಓಡೂದೂ ಬೇಡ. ಮೆಲ್ಲ ಬಾ.”

“ಎಂತ ಆತು ನಿಂಗೆ? ಹಾವ?”

“ಹಾವಾಗಿದ್ರೆ ಹೊಡೀತಿದ್ದೆ ಅಕ್ಕ. ಮುಚ್ಚಳದ ಮೇಲಿದ್ದದ್ದು ಬಾಂಬು. ಹಾರಿಸಿದ್ದು ಸಿಡೀದೇ ಉಳ್ದದೆ. ನಮ್ಮ ಪಲ್ಟನಿನಲ್ಲಿ ಇಂಥಾದ್ದೇ ಒಂದ್ಕೆ…”

ಹಮ್ಮ ಎದ್ದು ನಿಂತ. “ಬರೀ ಕಬ್ಬಿಣ ತಮಾ ಅದು. ನಾನೇ ತಂದದ್ದು. ಬಾಲ ಇತ್ತು, ಜಪ್ಪಿ ಮುರ್ದೆ. ಎಂತ ಆಗ್ಲಿಲ್ಲ ಕಾಣು.”

“ಜಪ್ಪಿ?” ಎಂದ ರಮಾನಂದ. ಅಷ್ಟೇ. ಕಂಬ ಹಿಡಿದುಕೊಂಡ. ಅದನ್ನು ನೋಡಿದ ಮೇಲೆಯೇ ಹಮ್ಮನಿಗೆ ಇದು ತಮಾಷೆಯಲ್ಲವೆಂದು ಹೊಳೆದದ್ದು. ಅವನ ಕೈಯಿಂದ ಅಚ್ಚು ಜಾರಿತು. ಆ ಸದ್ದಿಗೆ ಮೂವರೂ ಬೆಚ್ಚಿದರು.

ಸುದ್ದಿ ಮನೆಯಿಂದ ಮನೆಗೆ ಹಾರಿತು. ಕೂಗಾಟವಿಲ್ಲದೆ, ಪಿಸುಮಾತಿನಲ್ಲಿ, ದನಗಳ ಕೊರಳ ಗಂಟೆ ಬಿಚ್ಚಿ, ಕೊಪ್ಪದವರೆಲ್ಲ ಹಳ್ಳ ದಾಟಿದರು. ಗಟ್ಟಿಯಾಗಿ ಮಾತಾಡಿದರೂ ಅದು ಕೇಳಿಸಿಕೊಂಡು ಸಿಡಿದೀತು ಎಂಬ ಹಾಗೆ. ಪೊಲೀಸ್ ಪಟೇಲರು ಕುಮಟೆಗೆ ಓಡಿದರು.

ಎಲ್ಲರ ಕಣ್ಣು ಮಾಡಿನಿಂದ ಏಳುತ್ತಿದ್ದ ಹೊಗೆಯ ಮೇಲೆ. ಬೆಂಕಿ ತಾನಾಗಿ ಆರಲಿ ಎಂದಿದ್ದ ರಮಾನಂದ. ಆದರೆ ಹೊನ್ನಮ್ಮ ಅವನು ಬರುವ ಮೊದಲಷ್ಟೇ ಮತ್ತಿಮರದ ದಪ್ಪ ಕೊರಡುಗಳನ್ನು ಒಲೆಗೆ ದೂಡಿದ್ದಳು. ಹೊಗೆ ನಿಲ್ಲಲಿಲ್ಲ. ಬಿಸಿಲು ಏರಿತು. ಆಮೇಲೆ ಗಾಳಿಯಲ್ಲಿ ಭತ್ತ ಸೀಯುವ ವಾಸನೆ ಬಂತು.

“ನೀರು ಇಂಗಿಹೋತು,” ಎಂದಳು ಯಾರೋ ಹೆಂಗಸು.

ರಮಾನಂದ ಎದ್ದ. “ನೀರು ಇದ್ದಷ್ಟು ಹೊತ್ತು ಅದಕ್ಕೆ ಬಿಸಿ ಹದದಲ್ಲಿತ್ತು. ಇನ್ನು ಹೇಳೂಕೆ ಬರೂದಿಲ್ಲ. ಬೆಂಕಿ ತೆಗೀಬೇಕು.”

ಹಮ್ಮ ಅವನ ತೋಳು ಹಿಡಿದು ಕೂರಿಸಿದ. “ನೀ ಒಂದ್ಸಲ ಬದ್ಕಿ ಬಂದಾತು. ತಂದವ ನಾನು.”

ಹೊನ್ನಮ್ಮ ಕಣ್ಣೆತ್ತಿ ಗಂಡನನ್ನು ನೋಡಿದಳು. ಗಂಗಾಳನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡಳು.

ತನ್ನದೇ ಮನೆಯ ಹಿತ್ತಿಲಿಗೆ ಹಮ್ಮ ಕಳ್ಳನ ಹಾಗೆ ಹೋದ. ಮಾಡಿನ ಕೆಳಗೆ ಬಗ್ಗಿದಾಗ ಅದು ಅವನ ಮುಖದ ಎತ್ತರಕ್ಕೇ ಇತ್ತು. ಮೂತಿಯಿಂದ ಕಂದು ಅಂಟಿನ ಒಂದು ಗೆರೆ ಇಳಿದು ಮುಚ್ಚಳದ ಮೇಲೆ ಕರಿಯಾಗಿ ನಿಂತಿತ್ತು. ತಗಡು ಕಾದು ಟಿಕ್ ಟಿಕ್ ಎನ್ನುತ್ತಿತ್ತು. ಆ ಟಿಕ್ ಎಲ್ಲಿಂದ ಬರುತ್ತದೆ, ತಗಡಿನಿಂದಲೋ ಅದರೊಳಗಿನಿಂದಲೋ ಎಂದು ತಿಳಿಯದೆ ಅವನು ಉಸಿರು ಹಿಡಿದು ಕೂತುಬಿಟ್ಟ. ಇಷ್ಟು ದಿನ ತಾನು ಇದರ ಪಕ್ಕದಲ್ಲಿ ಕೂತು ಬೀಡಿ ಹೊತ್ತಿಸಿದ್ದು, ಗಂಗಾ ಇದರ ಕೆಳಗೆ ಬೂದಿಯಲ್ಲಿ ಗೆರೆ ಎಳೆದು ಆಡಿದ್ದು, ಒಂದೊಂದಾಗಿ ಕಣ್ಣ ಮುಂದೆ ಬಂದವು. ಆಮೇಲೆ ಒಂದು ಕೊರಡನ್ನು ಹಿಡಿದು, ಒಲೆಗಲ್ಲಿಗೆ ತಾಗದ ಹಾಗೆ, ಕೂದಲೆಳೆಯಷ್ಟೇ ಎಳೆದ. ಇನ್ನಷ್ಟು ಎಳೆದ. ಒಂದಾದ ಮೇಲೆ ಒಂದನ್ನು ಅಂಗಳಕ್ಕೆ ತಂದು ಹಾಕಿದ. ಅಂಗೈ ಸುಟ್ಟದ್ದು ಅವನಿಗೆ ಗೊತ್ತೇ ಆಗಲಿಲ್ಲ.

ಹಳ್ಳ ದಾಟಿ ಬಂದು “ಬೆಂಕಿ ತೆಗ್ದೆ” ಎಂದ, ಯಾರನ್ನೂ ನೋಡದೆ. ಬೆರಳುಗಳು ಕೊರಡು ಹಿಡಿದ ಹಾಗೇ ಮಡಚಿಕೊಂಡಿದ್ದವು. ರಮಾನಂದ ಅವನ್ನು ಒಂದೊಂದಾಗಿ ಬಿಡಿಸಬೇಕಾಯಿತು.

ಬೆಳಗಾವಿಯಿಂದ ದಂಡಿನವರು ಬರುವ ತನಕ ಕೊಪ್ಪ ಖಾಲಿ ಇತ್ತು. ಜನ ನೆಂಟರ ಮನೆಗಳಲ್ಲಿ, ಧಾರೇಶ್ವರದ ಮರಗಳ ಬುಡದಲ್ಲಿ ದಿನ ಕಳೆದರು. ಬಂದವನು ಒಬ್ಬ ನಡುವಯಸ್ಸಿನ ಹವಾಲ್ದಾರ, ಜೊತೆಗೆ ಸಿಪಾಯಿಗಳು. ಹಿಂದುಸ್ತಾನಿಯಲ್ಲಿ ಅವನು ಕೇಳಿದ್ದನ್ನು ರಮಾನಂದ ಕನ್ನಡದಲ್ಲಿ ಹೇಳುತ್ತಿದ್ದ. ಆ ಅಂಟನ್ನು ಏನು ಮಾಡುತ್ತಿದ್ದಿರಿ ಎಂದು ಕೇಳಿದಾಗ ಹೊನ್ನಮ್ಮ, ಅಷ್ಟು ದಿನಗಳಲ್ಲಿ ಮೊದಲ ಸಲ, ಬಾಯಿ ಬಿಟ್ಟಳು.

“ಒಲೆಗೆ ಹಾಕ್ತಿದ್ದೆ.”

ರಮಾನಂದ ಅದನ್ನು ಹೇಳಿದ. ಹವಾಲ್ದಾರ ಇನ್ನೊಮ್ಮೆ ಕೇಳಿದ, ತಪ್ಪು ಕೇಳಿಸಿತೇನೋ ಎಂದು. ಮತ್ತೆ ಅದೇ ಉತ್ತರ ಬಂದಾಗ ಟೊಪ್ಪಿಗೆ ತೆಗೆದು ಹಣೆ ಒರೆಸಿಕೊಂಡ. ಅದು ಬಾಂಬಿನ ಒಳಗಿನ ಸಿಡಿಮದ್ದೇ, ಬಿಸಿಗೆ ಕರಗಿ ಜಿನುಗಿದ್ದು ಎಂದ.

ಮರಳು ತುಂಬಿದ ಪೆಟ್ಟಿಗೆಯಲ್ಲಿ ಅದನ್ನು ಮಲಗಿಸಿ, ತೊಟ್ಟಿಲು ಹೊತ್ತವರಂತೆ ಹೆಜ್ಜೆ ಇಡುತ್ತ, ಸಮುದ್ರದ ಇಳಿತದ ಹೊತ್ತಿಗೆ ಹಿನ್ನೀರಿನ ಕೆಸರು ಬಯಲಿಗೆ ಒಯ್ದರು. ಜನರನ್ನು ದೂರ ನಿಲ್ಲಿಸಿ ಸಿಡಿಸಿದರು. ಮೊದಲು ಕೆಸರು ಎದ್ದಿತು, ತೆಂಗಿನ ಮರಕ್ಕಿಂತ ಎತ್ತರ, ಕರಿಯ ಮರವೊಂದು ಒಮ್ಮೆಲೇ ಬೆಳೆದ ಹಾಗೆ. ಸದ್ದು ಆಮೇಲೆ ಬಂತು, ಎದೆಗೇ ಗುದ್ದಿತು. ಬೆಳ್ಳಕ್ಕಿಗಳೆಲ್ಲ ಎದ್ದವು. ಮೇಲೆ ಹೋದ ಕೆಸರು ಬಹಳ ಹೊತ್ತು ಮಳೆಯಂತೆ ಬೀಳುತ್ತಲೇ ಇತ್ತು. ಹೊಗೆ ತಿಳಿಯಾದಾಗ ಅಲ್ಲಿ ಒಂದು ಹೊಂಡ, ಅದರೊಳಗೆ ಮೆಲ್ಲಗೆ ನೀರು ತುಂಬುತ್ತಿತ್ತು. ಹೊನ್ನಮ್ಮ ಆ ಹೊಂಡವನ್ನು ನೋಡಿದಳು, ತನ್ನ ಮಾಡು ಎಷ್ಟು ಅಗಲವಿದೆ ಎಂದು ತೋಳು ಚಾಚಿ ಗಾಳಿಯಲ್ಲಿ ಅಳೆದಳು. ಕೈ ಹಾಗೇ ಕೆಳಗೆ ಬಿತ್ತು.

ಮರುದಿನ ಹವಾಲ್ದಾರ ಹಮ್ಮನನ್ನು ಗುಡ್ಡಕ್ಕೆ ಕರೆದೊಯ್ದ. ಎಲ್ಲೆಲ್ಲಿ ಅಗೆದಿದ್ದಿ, ತೋರಿಸು ಎಂದ. ಬಯಲಿನ ಅಂಚಿಗೆ ಬಂದಾಗ ಹಮ್ಮನ ಕಾಲು ಮುಂದೆ ಹೋಗಲಿಲ್ಲ. ಎಷ್ಟೋ ಸಲ ಬರಿಗಾಲಲ್ಲಿ ಓಡಾಡಿದ ನೆಲ, ಈಗ ಒಂದೊಂದು ಹುಲ್ಲಿನ ಬುಡವೂ ಏನೋ ಮುಚ್ಚಿಟ್ಟುಕೊಂಡಂತೆ ಕಂಡಿತು. ಅವನು ಅಲ್ಲೇ ಕೂತು ಕೋಲಿನಿಂದ ತೋರಿಸಿದ. ಸಿಪಾಯಿಗಳು ಹುಡುಕುತ್ತ ಹೋದರು, ಸಿಕ್ಕಲ್ಲಿ ಕೆಂಪು ಚಿಂದಿ ಕಟ್ಟಿದ ಕಡ್ಡಿ ನೆಟ್ಟರು. ಒಂದು ಕಡ್ಡಿ, ಇನ್ನೊಂದು, ಮತ್ತೊಂದು. ದಿಬ್ಬದ ಆಚೆ ಒಂದು ಗೇರುಮರ ಇತ್ತು. ಗಂಜಿ ಉಂಡು ಹಮ್ಮ ದಿನವೂ ಒರಗುತ್ತಿದ್ದದ್ದು ಅದರ ಬೇರಿಗೆ. ಸಿಪಾಯಿ ಅಲ್ಲಿ ಬಗ್ಗಿದ, ತರಗೆಲೆ ಸರಿಸಿದ, ಕೈ ಎತ್ತಿದ. ಬೇರಿನ ಮಗ್ಗುಲಲ್ಲೇ ಒಂದು ಮಲಗಿತ್ತು.

ಹಮ್ಮ ಕೈಯಲ್ಲಿದ್ದ ಕೋಲನ್ನು ಮೆಲ್ಲಗೆ ಕೆಳಗಿಟ್ಟ.

ಗುಡ್ಡ ಇಳಿದು ಮನೆಗೆ ಬಂದರೆ ಅಂಗಳದಲ್ಲಿ ರಾಶಿ ಬಿದ್ದಿತ್ತು. ಅಘನಾಶಿನಿಯವರು, ಧಾರೇಶ್ವರದವರು, ಬಲೆಗಳಿಂದ ಸೀಸದ ಗುಂಡುಗಳನ್ನು ಕತ್ತರಿಸಿ ತಂದು ಸುರಿದು ಹೋಗಿದ್ದರು. ಕೊಪ್ಪದವರು ತಗಡಿನ ಡಬ್ಬಿ, ತೋಟಾ, ಪಟ್ಟಿಗಳನ್ನೂ ಅದರ ಮೇಲೆ ಎಸೆದಿದ್ದರು. ಧಾರೇಶ್ವರದ ಶನಿಯಾರ ಎಂಬ ಮುದುಕ ದೂರದಿಂದಲೇ ತನ್ನ ಗುಂಡುಗಳ ಗಂಟನ್ನು ಬೀಸಿ ಒಗೆಯುತ್ತಿದ್ದ.

“ಸಿಟ್ಟಾಗಬೇಡ ಹಮ್ಮ,” ಎಂದ. “ನನ್ನ ಮಕ್ಕಳು ದೋಣೀಲಿ ಬಲೆ ಮೇಲೇ ಮಲಗ್ತವೆ. ಆ ಬಯಲಿಂದ ಬಂದದ್ದು ಯಾವ್ದು ಎಂತ ಮಾಡ್ತದೋ ಯಾರಿಗೆ ಗೊತ್ತು?”

“ಸೀಸ ಸಿಡೂದಿಲ್ಲ ಶನಿಯಾರ.”

“ಅದೂ ಬರೀ ಕಬ್ಬಿಣ ಅಂದಿದ್ದೆ ಅಲ್ಲ ನೀನು?”

ಸೀಸ ಸಿಡಿಯುವುದಿಲ್ಲವೆಂದು ಹಮ್ಮನಿಗೇ ಆಗ ಖಾತ್ರಿ ಇರಲಿಲ್ಲ. ಬಲೆಗಳು ಮತ್ತೆ ನೀರ ಮೇಲೆ ತೇಲಿದವು. ಮೀನಿನ ದಿನಗಳು ಕಳೆದುಹೋಗುತ್ತಿದ್ದವು, ಮಳೆ ಹತ್ತಿರವಾಗುತ್ತಿತ್ತು. ಸೀಸ ಕರಗಿಸಿಯೇ ತೋರಿಸು, ಜನ ನಂಬುತ್ತಾರೆ ಎಂದು ರಮಾನಂದ ಬಂದು ಬಂದು ಹೇಳಿದ. ಹಮ್ಮ ಸೌಟು ಎತ್ತುತ್ತಿದ್ದ, ರಾಶಿಯ ಕಡೆ ನೋಡುತ್ತಿದ್ದ, ಸೌಟು ಕೆಳಗಿಡುತ್ತಿದ್ದ.

ಹೊನ್ನಮ್ಮ ಒಲೆ ಹೊತ್ತಿಸುವುದನ್ನೇ ಬಿಟ್ಟಿದ್ದಳು. ಪಕ್ಕದ ಮನೆಯವರು ಗಂಜಿ ತಂದುಕೊಡುತ್ತಿದ್ದರು. ಗಂಗಾಳನ್ನು ಒಂದು ಗಳಿಗೆ ಕೆಳಗೆ ಬಿಡುತ್ತಿರಲಿಲ್ಲ. ಮಗು ಕೊಸರಾಡಿದರೆ ಇನ್ನೂ ಬಿಗಿಯಾಗಿ ಅಪ್ಪುತ್ತಿದ್ದಳು. ಒಂದು ಮಧ್ಯಾಹ್ನ ಹಮ್ಮನ ಎದುರು ಬಂದು ನಿಂತಳು.

“ಇನ್ನೂ ಎಂತೆಂತ ತಂದಿಟ್ಟದ್ದು ಅದೆ ಈ ಮನೇಲಿ?”

“ಎಂತ ಇಲ್ಲ.”

“ಗಂಗಾನ ತಲೆ ಮುಟ್ಟಿ ಹೇಳಿ.”

ಹಮ್ಮ ಕೈ ಚಾಚಿದ, ಮೊಮ್ಮಗಳ ತಲೆ ಮುಟ್ಟುವ ಮೊದಲೇ ಅಳು ಒತ್ತರಿಸಿ ಬಂತು. ಅಷ್ಟು ದೊಡ್ಡ ಗಂಡಸು ಅಂಗಳದಲ್ಲಿ ಕುಕ್ಕರಗಾಲಿನಲ್ಲಿ ಕೂತು ಮಕ್ಕಳ ಹಾಗೆ ಅತ್ತ. “ಗೊತ್ತಿರ್ಲಿಲ್ಲ ಹೊನ್ನಿ. ದೇವ್ರಾಣೆ ಗೊತ್ತಿರ್ಲಿಲ್ಲ.”

ಹೊನ್ನಮ್ಮ ಮಗುವನ್ನು ಪಕ್ಕದ ಮನೆಯವಳ ಕೈಗೆ ಕೊಟ್ಟು, “ಹಳ್ಳದಾಚೆ ಕರ್ಕಂಡು ಹೋಗು” ಎಂದಳು. ರಾಶಿಯ ಬಳಿ ಹೋದಳು. ಬರಿಗೈಯಿಂದ ಸೀಸದ ಗುಂಡುಗಳನ್ನು ಬೇರೆ ಮಾಡಿ ಮೊರಕ್ಕೆ ತುಂಬಿದಳು. ಒಲೆಗೆ ಸೌದೆ ಒಟ್ಟಿದಳು, ಬೆಂಕಿ ಹೊತ್ತಿಸಿದಳು, ಊದುಗೊಳವೆ ಎತ್ತಿಕೊಂಡು ಒಲೆಯ ಮುಂದೆ ಎಂದಿನ ಹಾಗೆ ಕೂತಳು.

“ಹೊನ್ನಕ್ಕ, ಎಂತ ಮಾಡ್ತೆ?” ಎಂದು ಮಗನ ಜೊತೆ ಆಗಷ್ಟೇ ಬಂದಿದ್ದ ದೇವು ಬೇಲಿಯ ಆಚೆಯಿಂದ ಕೂಗಿದ. ಅವನ ಹಿಂದೆ ಒಬ್ಬೊಬ್ಬರಾಗಿ ಜನ ಕೂಡಿದರು, ಎಲ್ಲರೂ ದೂರದಲ್ಲೇ.

“ಗೊತ್ತಿಲ್ದೇ ಇಷ್ಟು ದಿನ ಅದರ ಬದೀಲಿ ಕೂತೆ,” ಎಂದಳು ಹೊನ್ನಮ್ಮ, ತಿರುಗಿ ನೋಡದೆ. “ಗೊತ್ತಿದ್ದು ಒಂದು ಹೊತ್ತು ಕೂತ್ರೆ ಎಂತ ಆಗ್ತದೆ, ಕಾಣ್ವ. ಸೌಟು ಹಿಡೂಕೆ ಬನ್ನಿ ನೀವು.”

ಹಮ್ಮ ಎದ್ದು ಬಂದ. ಸೌಟಿನ ಹಿಡಿ ಅವನ ಕೈಯಲ್ಲಿ ನಡುಗುತ್ತಿತ್ತು. ಹೊನ್ನಮ್ಮ ಅವನ ಮುಂಗೈಯನ್ನು ತನ್ನ ಎಡಗೈಯಿಂದ ಹಿಡಿದುಕೊಂಡಳು. ಬಲಗೈಯಲ್ಲಿ ಗುಂಡುಗಳನ್ನು ಹಿಡಿ ಹಿಡಿಯಾಗಿ ಹಾಕಿದಳು. ಕೆಂಡದ ಮೇಲೆ ಸೀಸ ಮೊದಲು ಸುಮ್ಮನಿತ್ತು. ಹಸಿ ಸೌದೆಯೊಂದು ಚಟ್ ಎಂದಿತು, ಬೇಲಿಯ ಆಚೆ ಜನ ನೆಲಕ್ಕೆ ಬಿದ್ದರು. ಹೊನ್ನಮ್ಮ ಕಣ್ಣು ಮುಚ್ಚಿದಳು, ಕೈ ಬಿಡಲಿಲ್ಲ. ಕಣ್ಣು ತೆರೆದಾಗ ಗುಂಡುಗಳ ಅಂಚು ಮೆತ್ತಗಾಗಿ ಒಂದರೊಳಗೊಂದು ಇಳಿಯುತ್ತಿದ್ದವು. ಕಸ ಮೇಲೆ ಬಂತು. ಅವಳು ಕಡ್ಡಿಯಿಂದ ಅದನ್ನು ಸರಿಸಿದಳು.

ಹಮ್ಮ ಅಚ್ಚಿಗೆ ಹೊಯ್ದ. ಎರಡನೆಯ ಸೌಟಿಗೆ ಕೈ ನಡುಗುವುದು ಕಡಿಮೆಯಾಗಿತ್ತು. ದೇವು ಬೇಲಿ ದಾಟಿ ಬಂದು ಒಲೆಯ ಹತ್ತಿರ ಕೂತ. ರಮಾನಂದ ಬಂದ. ಶನಿಯಾರ ಕೊನೆಗೆ ಬಂದ, ಬಿಸಿಯಾರದ ಒಂದು ಗುಂಡನ್ನು ಅಂಗೈಯಿಂದ ಅಂಗೈಗೆ ಹಾರಿಸುತ್ತ ಬಹಳ ಹೊತ್ತು ನೋಡಿದ. “ಇನ್ನೊಂದ್ಸಲ ಹಾಕು, ನಂದು ಪೂರಾ ಕರಗೂದು ಕಾಣಬೇಕು ನಂಗೆ,” ಎಂದ. ಅಂದು ರಾಶಿಯ ಸೀಸವೆಲ್ಲ ಕರಗುವ ತನಕ ಯಾರೂ ಮನೆಗೆ ಹೋಗಲಿಲ್ಲ.

ಮಳೆಗೆ ಮುಂಚೆ ಬಲೆಗಳು ನೀರಿಗೆ ಇಳಿದವು. ಹಮ್ಮ ಮಾತ್ರ ಗುಡ್ಡ ಹತ್ತುವುದನ್ನು ಬಿಟ್ಟ. ದನ ಮೇಯಿಸಲೂ ಹೊಳೆಯ ಕಡೆಗೇ ಹೋಗುತ್ತಿದ್ದ. ಗುಡುಗು ಹೊಡೆದರೆ ಎದ್ದು ಮನೆಯವರನ್ನೆಲ್ಲ ಮುಟ್ಟಿ ಮುಟ್ಟಿ ನೋಡುತ್ತಿದ್ದ. ಆ ಭಯ ಹೋಗಲು ಬಹಳ ಕಾಲ ಬೇಕಾಯಿತು. ಮುಂಬಯಿಯ ಸೀಸ ಮತ್ತೆ ಬರತೊಡಗಿದ ಮೇಲೆ ಅದರಲ್ಲೇ ಕೆಲಸ ನಡೆಸಿದ.

೧೯೪೮ರಲ್ಲಿ ಹೊನ್ನಾವರದಿಂದ ಒಬ್ಬ ಮನುಷ್ಯ ಅವನನ್ನು ಹುಡುಕಿಕೊಂಡು ಬಂದ. ಹಳೆಯ ದಂಡುಗಳು ಇಳಿದ ಜಾಗಗಳಲ್ಲಿ ನಿಧಿ ಇದೆಯೆಂದು ಯಾರೋ ಅವನ ಕಿವಿಯಲ್ಲಿ ಊದಿದ್ದರು. ಜಗಲಿಯ ಮೇಲೆ ಕೂತು, ಎಲೆಯಡಿಕೆ ಹಾಕಿಕೊಂಡು, ನಯವಾಗಿ ಮಾತು ತೆಗೆದ.

“ನಿಮಗೆ ಎಲ್ಲ ಜಾಗವೂ ಗೊತ್ತಂತೆ ಗೌಡ್ರೆ. ಒಂದ್ಸಲ ಬಂದು ತೋರ್ಸಿದ್ರೆ ಸಾಕು.”

“ಮರ್ತೋಯ್ತು,” ಎಂದ ಹಮ್ಮ.

“ಎಲ್ಲಾ ಮರ್ತೋಯ್ತ?”

“ಎಲ್ಲಾ. ನಂಗೆ ಈಗ ಗುಡ್ಡ ಎಲ್ಲಿ ಅದೆ ಅಂತ್ಲೂ ಗೊತ್ತಿಲ್ಲ.”

ಗುಡ್ಡ ಅವನ ಬೆನ್ನ ಹಿಂದೆಯೇ ಇತ್ತು. ಬಂದವನು ಬಾಯಿ ತೆರೆದು ಒಮ್ಮೆ ಗುಡ್ಡವನ್ನು, ಒಮ್ಮೆ ಹಮ್ಮನನ್ನು ನೋಡಿದ. ಒಳಗಿನಿಂದ ಹೊನ್ನಮ್ಮ ನಗುವುದು ಕೇಳಿಸಿತು. ಎಷ್ಟು ತಡೆದರೂ ನಿಲ್ಲದ ನಗು. ಅವಳು ಹಾಗೆ ನಕ್ಕದ್ದನ್ನು ಕೇಳಿ ವರ್ಷಗಳೇ ಆಗಿದ್ದವು. ಹಮ್ಮ ಮುಖ ಬಿಗಿದುಕೊಂಡೇ ಅತಿಥಿಗೆ ಇನ್ನೊಂದು ಎಲೆ ಕೊಟ್ಟು, ಒಳಗೆ ಹೋದ.